ಸಿಸೇರಿಯನ್ ಆಗಿ ಐದೂವರೆ ತಿಂಗಳು, ಹೊಟ್ಟೆ ಯಾಕೆ ಇಳಿದಿಲ್ಲ?

ಪ್ರಶ್ನೆ: ನನಗೆ 29 ವರ್ಷ. ತವರು ರಾಣೆಬೆನ್ನೂರಿನ ಹತ್ತಿರದ ಹಳ್ಳಿ, ಈಗ ಇರುವುದು ಬೆಂಗಳೂರಿನಲ್ಲಿ. ಮೊದಲ ಹೆರಿಗೆ ಸಿಸೇರಿಯನ್ ಆಯಿತು. ಮಗನಿಗೆ ಐದೂವರೆ ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತಾನೆ. ಗರ್ಭಿಣಿ ಆಗುವ ಮೊದಲು 56 ಕೆಜಿ ಇದ್ದೆ. ಆಸ್ಪತ್ರೆಗೆ ಸೇರಿದ ದಿನ 70. ಹದಿನೈದು ದಿನಕ್ಕೆ 63ಕ್ಕೆ ಇಳಿದಿತ್ತು. ಐದು ತಿಂಗಳ ಬಾಣಂತನ ಮುಗಿಸಿ ಬಂದು ನೋಡಿದರೆ 67! ಹೊಟ್ಟೆ ಇನ್ನೂ ಬಸುರಿಯ ಹಾಗೇ ಇದೆ. ಮೊನ್ನೆ ಒಂದು ನಾಮಕರಣದಲ್ಲಿ ಒಬ್ಬರು ‘ಮತ್ತೆ ವಿಶೇಷನಾ?’ ಅಂತ ಕೇಳಿಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ. ನಮ್ಮತ್ತೆ ‘ಹೊಟ್ಟೆ ಬಿಗಿಯಾಗಿ ಕಟ್ಟಿಲ್ಲ, ಅದಕ್ಕೇ ಹೀಗಾಗಿದೆ’ ಅನ್ನುತ್ತಾರೆ. ನಡು ನೋವು ಇದೆ. ಸೀನಿದರೆ ಒಂದೆರಡು ಹನಿ ಮೂತ್ರ ಹೋಗುತ್ತದೆ. ಬೆಲ್ಟ್ ತರಿಸಲಾ? ಜಿಮ್‌ಗೆ ಸೇರಲಾ? ಗೆಳತಿಯೊಬ್ಬಳು ಕೀಟೋ ಮಾಡು, ಜೀರಿಗೆ ನೀರು ಕುಡಿ ಅನ್ನುತ್ತಿದ್ದಾಳೆ. ಹದಿನೈದು ದಿನಕ್ಕೆ ರಜೆ ಮುಗಿಯುತ್ತದೆ. ಮೂರು ತಿಂಗಳಿಗೆ ತಮ್ಮನ ಮದುವೆ. ನನ್ನ ಮದುವೆಯ ಬ್ಲೌಸ್ ಅಷ್ಟರಲ್ಲಿ ಆಗುತ್ತದಾ?

ಉತ್ತರ: ಇಷ್ಟು ದೊಡ್ಡ ಪತ್ರದಲ್ಲಿ ಸೀನಿನ ವಿಷಯಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು. ನನಗೇನೂ ಆಶ್ಚರ್ಯವಾಗಲಿಲ್ಲ. ಇಪ್ಪತ್ತು ವರ್ಷದಿಂದ ಬಾಣಂತಿಯರಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ನಾನು. ಈ ಮಾತನ್ನು ಹೆಚ್ಚಿನವರು ಎಲ್ಲ ಮುಗಿದ ಮೇಲೆ, ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಹೊಟ್ಟೆ, ನಡು ನೋವು, ಸೀನು, ಮೂರಕ್ಕೂ ಬೇರು ಒಂದೇ ಕಡೆ ಇರುವ ಸಾಧ್ಯತೆ ಜಾಸ್ತಿ.

ಹೊಟ್ಟೆಯನ್ನು ಒಂದು ಡಬ್ಬಿ ಅಂದುಕೊಳ್ಳಿ. ಮುಚ್ಚಳದ ಜಾಗದಲ್ಲಿ ಉಸಿರಾಟದ ಸ್ನಾಯು. ಹಿಂದೆ ಬೆನ್ನುಮೂಳೆ. ಮುಂದೆ ಮತ್ತು ಅಕ್ಕಪಕ್ಕ ಹೊಟ್ಟೆಯ ಸ್ನಾಯುಗಳು. ಡಬ್ಬಿಯ ತಳಕ್ಕೆ ಪೆಲ್ವಿಕ್ ಫ್ಲೋರ್ ಅನ್ನುತ್ತೇವೆ. ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿ ಎಲ್ಲವನ್ನೂ ತೊಟ್ಟಿಲಿನ ಬಟ್ಟೆಯ ಹಾಗೆ ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಅವು. ‘ನನಗೆ ಸಿಸೇರಿಯನ್ ಅಲ್ವಾ, ಕೆಳಗೆ ಏನೂ ಆಗಿಲ್ಲವಲ್ಲ’ ಅಂತ ಬಹಳ ಜನ ಕೇಳುತ್ತಾರೆ. ಮಗು ಬಂದ ದಾರಿ ಬೇರೆ ಇರಬಹುದು. ಒಂಬತ್ತು ತಿಂಗಳು ಭಾರ ಹೊತ್ತಿದ್ದು ಅದೇ ತಳ.

ಈಗ ಡಬ್ಬಿಯ ಮುಂಭಾಗ. ಎದೆಗೂಡಿನಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಗಳು ಪಕ್ಕಪಕ್ಕದಲ್ಲಿ ಇಳಿಯುತ್ತವೆ. ನಡುವೆ ನಾರಿನ ಒಂದು ಪಟ್ಟಿ ಎರಡನ್ನೂ ಕೂಡಿಸಿರುತ್ತದೆ, ಎರಡು ಬಟ್ಟೆ ಸೇರಿಸಿ ಹೊಲಿದ ಹಾಗೆ. ಮಗು ಬೆಳೆಯುತ್ತಾ ಈ ಪಟ್ಟಿ ಅಗಲವಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಬಹುತೇಕ ಎಲ್ಲರಿಗೂ ಹೀಗಾಗುತ್ತದೆ, ಆಗಲೇಬೇಕು, ಇಲ್ಲದಿದ್ದರೆ ಮಗುವಿಗೆ ಜಾಗ ಎಲ್ಲಿ? ಹೆರಿಗೆಯಾದ ಮೇಲೆ ಕೆಲವರಿಗೆ ತಾನಾಗೇ ಕೂಡಿಕೊಳ್ಳುತ್ತದೆ, ಕೆಲವರಿಗೆ ಸಡಿಲವಾಗಿಯೇ ಉಳಿಯುತ್ತದೆ. ಇದಕ್ಕೆ ಡಯಾಸ್ಟಾಸಿಸ್ ಅಂತ ಹೆಸರು. ನಾರ್ವೆಯಲ್ಲಿ ಮೊದಲ ಹೆರಿಗೆಯ 300 ತಾಯಂದಿರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಆರು ವಾರಕ್ಕೆ ನೂರರಲ್ಲಿ 60 ಮಂದಿಗೆ ಈ ಅಂತರ ಇತ್ತು. ಆರು ತಿಂಗಳಿಗೆ 45 ಮಂದಿಗೆ. ವರ್ಷ ತುಂಬಿದಾಗಲೂ 33 ಮಂದಿಗೆ ಉಳಿದಿತ್ತು. ಐದೂವರೆ ತಿಂಗಳಿಗೆ ನಿಮ್ಮ ಹೊಟ್ಟೆ ಮುಂದೆ ಬಂದಿದ್ದರೆ ನೀವು ಒಬ್ಬಂಟಿ ಅಲ್ಲ, ಸೋಮಾರಿಯೂ ಅಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲದ ಮೇಲಿಡಿ. ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಡ್ಡ ಇಟ್ಟು ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ಎರಡು ಕಡೆಯ ಸ್ನಾಯು ಗಟ್ಟಿಯಾಗಿ ಬೆರಳಿಗೆ ತಾಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ. ಹೊಕ್ಕುಳ ಮೇಲೆ, ಹೊಕ್ಕುಳಲ್ಲಿ, ಕೆಳಗೆ, ಮೂರು ಕಡೆ ನೋಡಬೇಕು. ಎರಡು ಬೆರಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಬ್ಬ ಫಿಸಿಯೋಗೆ ತೋರಿಸಿ. ಅಗಲದಷ್ಟೇ ಮುಖ್ಯವಾದದ್ದು ಇನ್ನೊಂದು: ಬೆರಳಿನ ಕೆಳಗೆ ಬಿಗಿ ಸಿಗುತ್ತದೋ ಅಥವಾ ನಾದಿದ ಹಿಟ್ಟಿಗೆ ಬೆರಳಿಟ್ಟ ಹಾಗೆ ಒಳಗೆ ಹೋಗುತ್ತದೋ? ಅಂತರ ಸ್ವಲ್ಪ ಉಳಿದರೂ ಬಿಗಿ ಬಂದರೆ ಹೊಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ತಲೆ ಎತ್ತಿದಾಗ ನಡುವೆ ಉದ್ದಕ್ಕೆ ಏಣಿನ ಹಾಗೆ ಉಬ್ಬಿದರೆ ಅದನ್ನೂ ಗಮನಿಸಿ. ಮುಂದೆ ಯಾವ ವ್ಯಾಯಾಮ ಮಾಡುವಾಗಲೂ ಆ ಉಬ್ಬು ಕಂಡರೆ ಆ ವ್ಯಾಯಾಮ ನಿಮಗೆ ಇನ್ನೂ ಭಾರ ಅಂತ ಅರ್ಥ.

ಇಲ್ಲೇ ನನ್ನ ಕತೆ ಒಂದು ಹೇಳಿಬಿಡುತ್ತೇನೆ. ಮೊದಲ ಮಗಳು ಹುಟ್ಟಿ ಏಳನೇ ವಾರಕ್ಕೆ ನಾನು ದಿನಕ್ಕೆ ನೂರು ಸಿಟ್‌ಅಪ್ (ಅಂಗಾತ ಮಲಗಿ ನೇರ ಎದ್ದು ಕೂರುವ ವ್ಯಾಯಾಮ) ಹೊಡೆದೆ. ಓದಿದ್ದು ಫಿಸಿಯೋಥೆರಪಿ! ಕಾಲೇಜಿನಲ್ಲಿ ಮುರಿದ ಮೂಳೆ, ಪಾರ್ಶ್ವವಾಯು, ಮಂಡಿ ನೋವು ಎಲ್ಲ ಕಲಿಸಿದ್ದರು. ಬಾಣಂತಿಯ ಬಗ್ಗೆ ಇದ್ದದ್ದು ಒಂದೆರಡು ಪುಟ. ಮೂರು ವಾರದಲ್ಲಿ ಹೊಟ್ಟೆ ಇನ್ನೂ ಮುಂದೆ ಬಂತು. ಅಕ್ಕನ ಮಕ್ಕಳ ಜೊತೆ ಸ್ಕಿಪ್ಪಿಂಗ್ ಆಡಲು ಹೋಗಿ ಬಟ್ಟೆ ಒದ್ದೆಯಾಯಿತು. ಒಳಗಿನ ಒತ್ತಡ ಏರಿಸುವ ವ್ಯಾಯಾಮ ಮಾಡಿದರೆ ಆ ಒತ್ತಡ ಎಲ್ಲಿ ಸಡಿಲ ಇದೆಯೋ ಅಲ್ಲಿಗೇ ನುಗ್ಗುತ್ತದೆ. ಮುಂದೆ ಸಡಿಲ ಇದ್ದರೆ ಹೊಟ್ಟೆ ಉಬ್ಬುತ್ತದೆ. ಕೆಳಗೆ ಸಡಿಲ ಇದ್ದರೆ ಮೂತ್ರ ಸೋರುತ್ತದೆ. ನನಗೆ ಎರಡೂ ಆಯಿತು. ಸಿಟ್‌ಅಪ್ ಜೀವನಪೂರ್ತಿ ಬೇಡ ಅಂತಲ್ಲ. ಅದರ ಸರದಿ ಇನ್ನೂ ಬಂದಿಲ್ಲ, ಅಷ್ಟೇ.

ಹಾಗಾದರೆ ಮೊದಲ ಸರದಿ ಯಾವುದರದು? ಉಸಿರು ಮತ್ತು ತಳ. ಮಲಗಿ ಅಥವಾ ಕುರ್ಚಿಯಲ್ಲಿ ನೇರ ಕೂತು ಮೂಗಿನಿಂದ ಉಸಿರು ಎಳೆದುಕೊಳ್ಳಿ, ಪಕ್ಕೆಲುಬು ಅಗಲವಾಗಲಿ. ಬಾಯಿಂದ ನಿಧಾನ ಬಿಡುತ್ತಾ, ಗ್ಯಾಸ್ ತಡೆಯುವಾಗ ಹೇಗೆ ಹಿಂದೆ ಬಿಗಿ ಹಿಡಿಯುತ್ತೀರೋ ಹಾಗೆ ಬಿಗಿ ಹಿಡಿದು, ಅದನ್ನೇ ಮುಂದಕ್ಕೆ, ಮೂತ್ರದ ದಾರಿಯವರೆಗೆ ತಂದು ಒಳಗೆ-ಮೇಲಕ್ಕೆ ಎತ್ತಿ. ಕೆಳಹೊಟ್ಟೆ ತಾನಾಗೇ ಸ್ವಲ್ಪ ಒಳಗೆ ಹೋಗುತ್ತದೆ. ಪೃಷ್ಠ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಐದು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಅರ್ಧ ಭಾಗ, ಅದನ್ನೇ ಎಲ್ಲರೂ ಮರೆಯುತ್ತಾರೆ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನಿಧಾನವಾಗಿ ಹತ್ತು ಸೆಕೆಂಡಿಗೆ ಏರಿಸಿ. ಪ್ರತಿ ಹೊತ್ತಿನ ಕೊನೆಗೆ ಪಟಪಟ ಅಂತ ಹತ್ತು ಚುರುಕಿನ ಬಿಗಿತ. ಮಗುವಿಗೆ ಹಾಲು ಕೊಡುವಾಗ ಮಾಡಿದರೆ ಬೇರೆ ಸಮಯ ಹುಡುಕಬೇಕಿಲ್ಲ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಅದು ಮೂತ್ರಕೋಶಕ್ಕೆ ಒಳ್ಳೆಯದಲ್ಲ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೇ ಕೀಗಲ್ ವ್ಯಾಯಾಮ ಅನ್ನುವುದು. ಮೂರು ದಿನ ಮಾಡಿ ‘ಏನೂ ಆಗಲಿಲ್ಲ’ ಅನ್ನಬೇಡಿ. ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ಮಾಡಬೇಕು. ಇವತ್ತಿನಿಂದಲೇ ಉಪಯೋಗಕ್ಕೆ ಬರುವ ಒಂದು ಉಪಾಯ ಇದೆ: ಸೀನು ಬರುತ್ತಿದೆ ಅನ್ನಿಸಿದ ಕ್ಷಣ ಮೊದಲು ತಳ ಬಿಗಿ ಹಿಡಿಯಿರಿ, ಆಮೇಲೆ ಸೀನಿ. ಕೆಮ್ಮು, ನಗು, ಮಗುವನ್ನು ಎತ್ತುವುದು, ಎಲ್ಲಕ್ಕೂ ಇದೇ. ಒಂದೆರಡು ವಾರದಲ್ಲಿ ಅದೇ ಅಭ್ಯಾಸವಾಗುತ್ತದೆ.

ನಡು ನೋವಿಗೆ ಮಾತ್ರೆಗಿಂತ ಮೊದಲು ಹಾಲು ಕೊಡುವ ಭಂಗಿ ನೋಡಿ. ದಿನಕ್ಕೆ ಎಂಟು-ಹತ್ತು ಸಲ, ಪ್ರತಿ ಸಲ ಇಪ್ಪತ್ತು ನಿಮಿಷ, ಹಾಸಿಗೆ ಮೇಲೆ ಗೂನು ಬೆನ್ನು ಮಾಡಿಕೊಂಡು ಕೂತರೆ ಯಾರ ನಡುವಾದರೂ ನೋಯುತ್ತದೆ. ಮಗು ಎದೆಯ ಹತ್ತಿರ ಬರಬೇಕು, ಎದೆ ಮಗುವಿನ ಕಡೆ ಬಾಗಬಾರದು. ತೊಡೆ ಮೇಲೆ ಒಂದು ಗಟ್ಟಿ ದಿಂಬು, ಬೆನ್ನಿಗೆ ಗೋಡೆ. ಹಾಸಿಗೆಯಿಂದ ನೇರ ಎದ್ದು ಕೂರಬೇಡಿ. ಅದೂ ಒಂದು ಸಿಟ್‌ಅಪ್ಪೇ, ರಾತ್ರಿ ಐದಾರು ಸಲ ಮಾಡುತ್ತಿದ್ದೀರಿ. ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಮಗುವನ್ನು ಎತ್ತುವಾಗ, ನೀರಿನ ಕ್ಯಾನ್ ಸರಿಸುವಾಗ ಉಸಿರು ಬಿಡುತ್ತಾ ಎತ್ತಿ. ಕ್ಯಾನ್ ಎತ್ತುವುದನ್ನು ಸದ್ಯಕ್ಕೆ ಯಜಮಾನರಿಗೇ ಬಿಡಿ ಅನ್ನುವುದು ನನ್ನ ಸಲಹೆ.

ಹೊಲಿಗೆ ಪೂರ್ತಿ ಒಣಗಿದೆ ಅಂದುಕೊಂಡಿದ್ದೇನೆ. ಚರ್ಮ ಬೇಗ ಕೂಡುತ್ತದೆ. ಅದರ ಕೆಳಗಿನ ಗಟ್ಟಿ ಪದರಕ್ಕೆ ಆರು ವಾರದಲ್ಲಿ ಬರುವುದು ಮೊದಲಿನ ಬಲದ ಅರ್ಧದಷ್ಟು ಮಾತ್ರ. ಆರು ತಿಂಗಳ ಹೊತ್ತಿಗೂ ನೂರಕ್ಕೆ ನೂರು ಬಂದಿರುವುದಿಲ್ಲ. ಗಾಯದ ಸುತ್ತ ಮರಗಟ್ಟಿದ ಹಾಗಿದ್ದರೆ ಹೆದರಬೇಡಿ, ಸಣ್ಣ ನರಗಳು ಕತ್ತರಿಸಿರುತ್ತವೆ. ಗಾಯದ ಮೇಲೆ ಹೊಟ್ಟೆ ಮಡಿಕೆಯಾಗಿ ಜೋತಿದ್ದರೆ, ದಿನಕ್ಕೆ ಐದು ನಿಮಿಷ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ಗಾಯದ ಚರ್ಮವನ್ನು ಮೇಲೆ-ಕೆಳಗೆ, ಅಕ್ಕಪಕ್ಕ ಸರಿಸಿ. ಒಳಗೆ ಅಂಟಿಕೊಂಡ ಪದರ ಸಡಿಲವಾಗುತ್ತದೆ.

ಈಗ ಅತ್ತೆಯವರ ಮಾತಿಗೆ ಬರೋಣ. ಹೊಟ್ಟೆ ಕಟ್ಟುವುದು ಸುಳ್ಳಲ್ಲ. ಆಪರೇಷನ್ ಆದ ಮೊದಲ ದಿನಗಳಲ್ಲಿ ಹದವಾಗಿ ಕಟ್ಟಿದರೆ ಹೊಲಿಗೆಗೆ ಆಸರೆ ಸಿಗುತ್ತದೆ, ಎದ್ದು ಓಡಾಡಲು, ಕೆಮ್ಮಲು ಧೈರ್ಯ ಬರುತ್ತದೆ. ಹಳೆಯ ಹತ್ತಿ ಸೀರೆ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಬಟ್ಟೆ ಕೊಬ್ಬು ಕರಗಿಸುವುದಿಲ್ಲ. ಗರ್ಭಕೋಶವೂ ಕಟ್ಟಿದ್ದರಿಂದ ಒಳಗೆ ಹೋಗುವುದಲ್ಲ. ಹೆರಿಗೆಯಾದ ದಿನ ಸುಮಾರು ಒಂದು ಕೆಜಿ ಇರುವ ಅದು ಆರು ವಾರದಲ್ಲಿ ನೂರು ಗ್ರಾಂ ಒಳಗೆ ಬರುತ್ತದೆ, ತಾನೇ ಕುಗ್ಗಿಕೊಂಡು. ಮಗು ಹಾಲು ಕುಡಿದಾಗ ಮೊದಲ ದಿನಗಳಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋಯುತ್ತಿತ್ತಲ್ಲ, ಅದೇ ಈ ಕೆಲಸ. ಇನ್ನು ತೀರಾ ಬಿಗಿಯಾಗಿ ಕಟ್ಟಿದರೆ ಡಬ್ಬಿಯ ನಡು ಹಿಂಡಿದ ಹಾಗಾಗಿ ಒತ್ತಡ ತಳಕ್ಕೆ ಇಳಿಯುತ್ತದೆ. ಸೀನಿದರೆ ಸೋರುವ ನಿಮಗೆ ಅದೇ ಬೇಡದ್ದು. ಐದೂವರೆ ತಿಂಗಳಿಗೆ ಹೊಸ ಬೆಲ್ಟ್ ದುಡ್ಡು ದಂಡ. ಅತ್ತೆಯವರಿಗೆ ‘ಫಿಸಿಯೋ ಒಳಗಿನ ಬೆಲ್ಟ್ ಗಟ್ಟಿ ಮಾಡಲು ಹೇಳಿದ್ದಾರೆ’ ಅನ್ನಿ. ನಮ್ಮ ಕ್ಲಿನಿಕ್ಕಿನಲ್ಲಿ ಈ ಮಾತು ಅತ್ತೆಯರಿಗೆ ಹಿಡಿಸಿದೆ.

ಬಾಣಂತನವನ್ನು ಬೈಯುವುದು ಈಗ ಒಂದು ಫ್ಯಾಷನ್. ನನಗೆ ಅದು ಒಪ್ಪಿಗೆಯಿಲ್ಲ. ‘ಹಸಿ ಮೈ’ ಅನ್ನುವ ನಮ್ಮ ಮಾತಿನಲ್ಲಿ ದೊಡ್ಡ ತಿಳಿವಳಿಕೆ ಇದೆ. ಇಷ್ಟು ದಿನ ಅಡುಗೆಮನೆ ಕಡೆ ತಲೆ ಹಾಕದೆ, ಮಗು ಮಲಗಿದಾಗ ಮಲಗಿ, ಬೇರೆಯವರ ಕೈಯಿಂದ ಎಣ್ಣೆ ನೀರು ಹಾಕಿಸಿಕೊಂಡು ಇರುವ ಭಾಗ್ಯ ವಿದೇಶದಲ್ಲಿರುವ ನಮ್ಮ ಹುಡುಗಿಯರಿಗೆ ಬೇಕೆಂದರೂ ಸಿಗುವುದಿಲ್ಲ. ತಪ್ಪು ಎರಡು ಕಡೆ ಇದೆ. ಒಂದು ನೀರು. ‘ಹೊಟ್ಟೆ ದಪ್ಪ ಆಗುತ್ತೆ, ಶೀತ ಆಗುತ್ತೆ’ ಅಂತ ಬಾಣಂತಿಗೆ ಲೋಟ ಅಳೆದು ನೀರು ಕೊಡುವ ಮನೆಗಳು ಇನ್ನೂ ಇವೆ. ಹೆರಿಗೆಯಾದ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ. ಕಾಲಿನ ರಕ್ತನಾಳದಲ್ಲಿ ಆಗಬಹುದು, ಮೆದುಳಿನಲ್ಲೂ ಆಗಬಹುದು. ಬಾಣಂತಿಯರಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತಾ, ಬರೆಯುತ್ತಾ ಬಂದಿದ್ದಾರೆ. ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುವುದು, ಎದ್ದು ಓಡಾಡದೆ ಇರುವುದು ಆ ಅಪಾಯಕ್ಕೆ ಇನ್ನಷ್ಟು ಸೇರಿಸುತ್ತವೆ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕೊಡುವ ಹೆಂಗಸಿಗೆ ನೀರು ಕೊಡದಿದ್ದರೆ ಹೇಗೆ? ನಿಮ್ಮ ತಂಗಿಗೋ ನಾದಿನಿಗೋ ಮುಂದೆ ಬಾಣಂತನ ಮಾಡುವಾಗ ಈ ಮಾತು ನೆನಪಿರಲಿ.

ಇನ್ನೊಂದು ತಪ್ಪು ನಿಮ್ಮ ತೂಕದ ಲೆಕ್ಕದಲ್ಲೇ ಇದೆ. ಗರ್ಭಿಣಿಯಾಗಿ ನೀವು ಏರಿಸಿಕೊಂಡದ್ದು 14 ಕೆಜಿ. ಸಾಮಾನ್ಯ ಮೈಕಟ್ಟಿನವರಿಗೆ ಹನ್ನೊಂದೂವರೆಯಿಂದ 16 ಕೆಜಿವರೆಗೆ ಸರಿ ಅನ್ನುತ್ತಾರೆ, ಅಂದರೆ ಅದರಲ್ಲಿ ತಪ್ಪಿಲ್ಲ. ಮಗು ಮೂರು ಕೆಜಿ, ಮಾಸು ಅರ್ಧ ಕೆಜಿ ಮೇಲೆ, ನೆತ್ತರು, ನೀರು, ಕುಗ್ಗುವ ಗರ್ಭಕೋಶ, ಎಲ್ಲ ಸೇರಿ ಹದಿನೈದು ದಿನದಲ್ಲಿ ಏಳು ಕೆಜಿ ಹೋಯಿತು. ಉಳಿದ ಏಳರಲ್ಲಿ ಹೆಚ್ಚಿನದು ಮೈ ಕೂಡಿಟ್ಟ ಕೊಬ್ಬು. ಅದನ್ನು ಮೈ ಇಟ್ಟುಕೊಂಡಿದ್ದೇ ಹಾಲಿಗಾಗಿ. ಹಾಲು ಕೊಡುತ್ತಾ ನಿಧಾನ ಖರ್ಚಾಗಬೇಕಿತ್ತು. ಖರ್ಚಾಗುವ ಬದಲು ನಾಲ್ಕು ಕೆಜಿ ಸೇರಿತು. ಆ ನಾಲ್ಕು ಕೆಜಿ ಗರ್ಭದ್ದಲ್ಲ, ಬಾಣಂತಿ ಕೋಣೆಯದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಸಾಕು. ಮೊದಲ ಆರು ತಿಂಗಳು ಹಾಲು ಕೊಡುವಾಗ ಇನ್ನೂ 600 ಬೇಕು. ಆಮೇಲಿನ ಆರು ತಿಂಗಳು 520. ಆರುನೂರು ಅಂದರೆ ಬಹಳ ಅನ್ನಿಸುತ್ತದೆ, ಅಲ್ವಾ? ಅಂಟಿನುಂಡೆಯನ್ನು ಲೆಕ್ಕ ಹಾಕಿ ನೋಡಿ. ಒಣಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಕೊಬ್ಬು. ಅದಕ್ಕೆ ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಉತ್ತುತ್ತಿ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಂಡೆ ಇನ್ನೂರು ಕ್ಯಾಲೊರಿ ಹತ್ತಿರ ಬರುತ್ತದೆ. ಮೂರು ಉಂಡೆಗೆ ಹಾಲಿನ ಪಾಲು ಮುಗಿಯಿತು. ಆಮೇಲೆ ಅನ್ನದ ಮೇಲೆ ತುಪ್ಪ, ಅಳವಿ ಪಾಯಸ, ‘ಬಾಣಂತಿ ಹಸಿದಿರಬಾರದು’ ಅಂತ ನಾಲ್ಕನೇ ಊಟ. ಹೊಲದಲ್ಲಿ ಕೆಲಸ ಮಾಡಿ, ರಕ್ತ ಕಡಿಮೆಯಿದ್ದು, ಬಡಕಲಾಗಿ ಹೆರಿಗೆಗೆ ಬರುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಉಂಡೆ ಜೀವ ಉಳಿಸಿತು. ಅವರು ಮೂರು ತಿಂಗಳಿಗೆ ಮತ್ತೆ ಹೊಲಕ್ಕೆ ಹೋದರು. ನೀವು ಲ್ಯಾಪ್‌ಟಾಪ್ ಮುಂದೆ ಹೋಗುತ್ತೀರಿ. ಅವ್ವ ಡಬ್ಬಿ ತುಂಬಿ ಕಳಿಸಿರುತ್ತಾರೆ, ಬಿಸಾಕಬೇಡಿ. ದಿನಕ್ಕೆ ಒಂದು ತಿನ್ನಿ, ಉಳಿದದ್ದು ಯಜಮಾನರಿಗೂ ಕೊಡಿ.

ಅನ್ನ, ರೊಟ್ಟಿ, ಮುದ್ದೆ ಯಾವುದನ್ನೂ ಬಿಡಬೇಡಿ. ನಿಮಗೆ ಕಡಿಮೆ ಬೀಳುವುದು ಬಹುಶಃ ಪ್ರೋಟೀನ್. ದಿನಕ್ಕೆ ಸುಮಾರು 60 ಗ್ರಾಂ ಮೇಲೆ ಬೇಕು. ಪಥ್ಯದ ಹೆಸರಿನಲ್ಲಿ ಮೆಣಸಿನ ಸಾರು, ಅನ್ನ, ಸಬ್ಬಸಿಗೆ ಪಲ್ಯ ಅಷ್ಟೇ ತಿಂದರೆ ಅದರ ಅರ್ಧವೂ ಬರುವುದಿಲ್ಲ. ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಲೋಟ ಹಾಲಿಗೆ ಆರೇಳು, ಒಂದು ಹಿಡಿ ಶೇಂಗಾಕ್ಕೆ ಏಳೆಂಟು, ಒಂದು ಬಟ್ಟಲು ಗಟ್ಟಿ ಬೇಳೆಗೆ ಆರೇಳು. ನಿಮ್ಮ ಕಡೆಯ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಅದಕ್ಕಿಂತ ಒಳ್ಳೆಯ ಊಟ ಯಾವ ಡಯಟ್ ಚಾರ್ಟಿನಲ್ಲೂ ಇಲ್ಲ. ‘ಕಾಳು ತಿಂದರೆ ಮಗುವಿಗೆ ವಾಯು’ ಅನ್ನುವವರಿಗೆ ಹೆದರಬೇಡಿ. ವಾಯು ಆಗುವುದಿದ್ದರೆ ನಿಮ್ಮ ಕರುಳಿನಲ್ಲಿ, ಗ್ಯಾಸು ಹಾಲಿಗೆ ಹೋಗುವುದಿಲ್ಲ.

ಅನ್ನ-ರೊಟ್ಟಿ ಬಿಟ್ಟು ಹೆಚ್ಚಾಗಿ ಕೊಬ್ಬನ್ನೇ ತಿನ್ನುವ ಕೀಟೋ ಬೇಡವೇ ಬೇಡ. ಹಾಲುಣಿಸುವ ತಾಯಂದಿರು ಅನ್ನ-ರೊಟ್ಟಿ ಪೂರ್ತಿ ಬಿಟ್ಟು, ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಹೊತ್ತು ಬಿಟ್ಟು ಉಪವಾಸ ಮಾಡುವುದು, ತೂಕ ಇಳಿಸುವ ಪುಡಿ, ‘ಸ್ಲಿಮ್ಮಿಂಗ್ ಟೀ’ ಇವೂ ಬೇಡ. ಜೀರಿಗೆ ನೀರು ಕುಡಿಯಿರಿ, ರುಚಿಯಾಗಿರುತ್ತದೆ, ನೀರು ಒಳಗೆ ಹೋಗುತ್ತದೆ, ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಇಳಿದರೆ ಚೆನ್ನ, ಎರಡು ದಾಟಬಾರದು. 1800 ಕ್ಯಾಲೊರಿಗಿಂತ ಕೆಳಗೆ ಇಳಿಸಿದರೆ ಹಾಲಿಗೂ ನಿಮ್ಮ ಮೂಳೆಗೂ ಕಷ್ಟ. ಹದವಾದ ವ್ಯಾಯಾಮದಿಂದ ಹಾಲು ಕಡಿಮೆಯಾಗುವುದಿಲ್ಲ, ಹುಳಿಯೂ ಆಗುವುದಿಲ್ಲ. ಮಗನಿಗೆ ಆರು ತಿಂಗಳು ತುಂಬಿ ರಾಗಿ ಸರಿ, ಅನ್ನ-ಬೇಳೆ ಶುರುವಾದಾಗ ಹಾಲು ನಿಧಾನ ಕಡಿಮೆಯಾಗುತ್ತಾ ಬರುತ್ತದೆ. ನಿಮ್ಮ ತಟ್ಟೆ ಮಾತ್ರ ಬಾಣಂತಿ ತಟ್ಟೆಯಾಗಿಯೇ ಉಳಿಯಬಾರದು. ತೂಕ ಏರಿ ಅಲ್ಲೇ ಕೂರುವುದು ಬಹಳ ಜನರಿಗೆ ಈ ಹಂತದಲ್ಲಿ.

ಜಿಮ್ ವಿಷಯ. ನಾಳೆಯೇ ನಡಿಗೆ ಶುರು ಮಾಡಿ: ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಮಗುವಿಗೆ ಹಾಲು ಕೊಟ್ಟು ಎದೆ ಹಗುರ ಮಾಡಿಕೊಂಡು. ಮೂರ್ನಾಲ್ಕು ವಾರದಲ್ಲಿ ದಿನಕ್ಕೆ ಮೂವತ್ತು ನಿಮಿಷಕ್ಕೆ ಬರಬೇಕು, ವಾರಕ್ಕೆ ಐದು ದಿನ. ಅದೇ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಬಾಣಂತಿಯರಿಗೂ ಹೇಳಿದ ಲೆಕ್ಕ. ಇದರ ಜೊತೆ ವಾರಕ್ಕೆ ಮೂರು ದಿನ ಮನೆಯಲ್ಲೇ ಹದಿನೈದು ನಿಮಿಷದ ಬಲದ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಅದೇ ಭಂಗಿಯಲ್ಲಿ ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚುವುದು. ಗೋಡೆಗೆ ಕೈ ಊರಿ ಪುಷ್‌ಅಪ್. ಪ್ರತಿಯೊಂದೂ ಹತ್ತು ಸಲ, ಶ್ರಮ ಬೀಳುವಾಗ ಉಸಿರು ಬಿಡುತ್ತಾ, ತಳ ಎತ್ತಿ ಹಿಡಿದು. ಹೊಟ್ಟೆಯಲ್ಲಿ ಏಣು ಉಬ್ಬಿದರೆ ನಿಲ್ಲಿಸಿ.

ಎರಡು ತಿಂಗಳು ಹೀಗೆ ಮಾಡಿದ ಮೇಲೆ ಜಿಮ್ ಧಾರಾಳವಾಗಿ ಸೇರಿ. ಭಾರ ಎತ್ತುವುದಕ್ಕೆ ಹೆದರಬೇಡಿ, ಸ್ನಾಯು ಕಟ್ಟುವುದು ಅದರಿಂದಲೇ. ಟ್ರೈನರ್‌ಗೆ ಸಿಸೇರಿಯನ್ ಆಗಿದೆ, ಹೊಟ್ಟೆಯ ಅಂತರ ಇಷ್ಟಿದೆ ಅಂತ ಮೊದಲ ದಿನವೇ ಹೇಳಿ. ‘ಮೊದಲು ಕ್ರಂಚಸ್ ಮಾಡಿ ಮೇಡಂ’ (ಅದೂ ಸಿಟ್‌ಅಪ್ ಜಾತಿಯದ್ದೇ) ಅಂದರೆ ಆ ಟ್ರೈನರ್ ಬೇಡ. ಓಟ, ಸ್ಕಿಪ್ಪಿಂಗ್, ಜುಂಬಾಗೆ ಮುಂಚೆ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಮೂವತ್ತು ನಿಮಿಷ ಜೋರಾಗಿ ನಡೆದು, ಒಂದೊಂದು ಕಾಲಿನ ಮೇಲೆ ಹತ್ತು ಸೆಕೆಂಡ್ ನಿಂತು, ನಿಂತಲ್ಲೇ ಹತ್ತು ಸಲ ಕುಪ್ಪಳಿಸಿ. ಹನಿ ಹೋಗಬಾರದು, ಕೆಳಗೆ ಏನೋ ಭಾರ ಇಳಿದ ಹಾಗೆ ಅನ್ನಿಸಬಾರದು. ಅನ್ನಿಸಿದರೆ ಇನ್ನೊಂದು ತಿಂಗಳು ತಾಳಿ. ಯೋನಿಯಲ್ಲಿ ಗಂಟಿನ ಹಾಗೆ ತಾಗಿದರೆ ತಾಳಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಕೆಲಸಕ್ಕೆ ಹೋಗುವ ಮೊದಲು ಮೂರು ರಕ್ತಪರೀಕ್ಷೆ ಮಾಡಿಸಿಬಿಡಿ. ಹಿಮೋಗ್ಲೋಬಿನ್ ಮೊದಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಇಲ್ಲದ ಮೈಗೆ ನಡಿ ಅಂದರೆ ಹೇಗೆ ನಡೆಯುತ್ತದೆ? ಸರ್ಕಾರದ ಕಾರ್ಯಕ್ರಮದಲ್ಲಿ ಹೆರಿಗೆಯಾದ ಮೇಲೂ 180 ದಿನ ಕಬ್ಬಿಣದ ಮಾತ್ರೆ ಇದೆ, ಬಹಳ ಜನ ಆಸ್ಪತ್ರೆ ಬಿಟ್ಟ ದಿನವೇ ಅದನ್ನೂ ಬಿಡುತ್ತಾರೆ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಜೊತೆ ಅದನ್ನು ನುಂಗಬೇಡಿ. ಎರಡನೆಯದು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಪರೀಕ್ಷೆ. ಹೆರಿಗೆಯಾದ ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ. ಸುಸ್ತು, ತೂಕ, ಕೂದಲು ಉದುರುವುದು ಎಲ್ಲವನ್ನೂ ‘ಬಾಣಂತನ’ ಅಂದುಕೊಂಡು ಬಿಟ್ಟುಬಿಡುತ್ತೇವೆ. (ಮೂರ್ನಾಲ್ಕು ತಿಂಗಳಿಗೆ ಬಹಳ ಜನರಿಗೆ ಒಂದಿಷ್ಟು ಕೂದಲು ಉದುರುತ್ತದೆ, ಅದು ಮತ್ತೆ ಬರುತ್ತದೆ.) ಮೂರನೆಯದು ಸಕ್ಕರೆ, ಬಸುರಿಯಾಗಿದ್ದಾಗ ಶುಗರ್ ಬಂದಿದ್ದರೆ ಕಡ್ಡಾಯ.

‘ಮತ್ತೆ ವಿಶೇಷನಾ’ ಅಂದವರ ಬಗ್ಗೆ ನನಗೂ ಸಿಟ್ಟು ಬಂತು. ಅದೇ ನೆಪದಲ್ಲಿ ಒಂದು ಮಾತು: ಎದೆಹಾಲು ಮಾತ್ರ ಕೊಡುತ್ತಿದ್ದರೆ, ಮುಟ್ಟು ಶುರುವಾಗದಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ಆದರೆ ಆ ರಕ್ಷಣೆ ಆರು ತಿಂಗಳವರೆಗೆ ಮಾತ್ರ. ನಿಮಗೆ ಉಳಿದಿರುವುದು ಹದಿನೈದು ದಿನ. ಹೊಲಿದ ಗರ್ಭಕೋಶಕ್ಕೆ ಎರಡು ವರ್ಷ ಬಿಡುವು ಬೇಕು. ಗರ್ಭ ತಡೆಯುವ ಉಪಾಯದ ಬಗ್ಗೆ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ.

ನೀವು ಅತ್ತಿದ್ದೂ ಬರೆದಿದ್ದೀರಿ. ಒಂದು ದಿನದ ಅಳು ಅಂಥ ಮಾತಿಗೆ ಸಹಜ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ‘ನಾನು ಇರುವುದೇ ಬೇಡ’ ಅನ್ನುವ ಯೋಚನೆ ಬಂದರೆ, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ.

ಕೊನೆಗೆ ಬ್ಲೌಸ್. ಮೂರು ತಿಂಗಳಲ್ಲಿ ಇಳಿಯುವುದು ಮೂರ್ನಾಲ್ಕು ಕೆಜಿ. ಹಾಲು ಕೊಡುವವರೆಗೆ ಎದೆಯ ಅಳತೆ ಹೇಗೂ ಹಳೆಯದಕ್ಕೆ ಬರುವುದಿಲ್ಲ. ಆದ್ದರಿಂದ ಆಗುವುದಿಲ್ಲ. ಆದರೆ ಮದುವೆ ಬ್ಲೌಸ್ ಒಳಗೆ ಟೈಲರ್‌ಗಳು ಪಕ್ಕದಲ್ಲಿ ಒಂದೆರಡು ಹೊಲಿಗೆ ಜಾಗ ಬಿಟ್ಟಿರುತ್ತಾರೆ. ಮದುವೆಗೆ ಹದಿನೈದು ದಿನ ಮುಂಚೆ ಬಿಚ್ಚಿಸಿ ಅಳತೆ ಕೊಡಿ, ಈಗಲೇ ಬೇಡ. ಹಿಂದೆ ಹುಕ್ ಇದ್ದರೆ ಮುಂದಕ್ಕೆ ಮಾಡಿಸಿಕೊಳ್ಳಿ. ತಾಳಿ ಕಟ್ಟುವ ಹೊತ್ತಿಗೇ ಮಗನಿಗೆ ಹಸಿವಾಗುತ್ತದೆ.